ಕಲ್ಲಿನ ಮೇಲಿನ ಹೆಜ್ಜೆಗಳು, ಅಟ್ಟದ ಮೇಲಿನ ಚಾರ್ಟುಗಳು

ಆಮರ್ಸ್ಟ್, ಮ್ಯಾಸಚೂಸೆಟ್ಸ್
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಹಿಮ ಕರಗಿ ಊರೆಲ್ಲ ಕೆಸರು. ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ, ಅಮ್ಮ ಚಿಂತೆ ಮಾಡಬೇಡ. ಫೋನ್ ಮಾಡಿದರೆ ಅಪ್ಪ ಎರಡೇ ನಿಮಿಷಕ್ಕೆ "ತಗೋ, ಅಮ್ಮನ ಹತ್ರ ಮಾತಾಡು" ಅಂತಾರೆ. ಅದಕ್ಕೇ ಈ ಪತ್ರ. ಇವತ್ತು ಅಪ್ಪನಿಗೆ ಒಬ್ಬ ಮೇಷ್ಟ್ರ ಕಥೆ ಹೇಳಬೇಕು.

ಹೆಸರು ಎಡ್ವರ್ಡ್ ಹಿಚ್‌ಕಾಕ್. ಹುಟ್ಟಿದ್ದು 1793ರಲ್ಲಿ, ಇಲ್ಲಿಂದ ಅರ್ಧ ಗಂಟೆ ದೂರದ ಡೀರ್‌ಫೀಲ್ಡ್‌ನಲ್ಲಿ. ಅವನ ಅಪ್ಪ ಟೋಪಿ ಮಾಡುವವನು, ಕೈಯಲ್ಲಿ ಕಾಸಿಲ್ಲ. ಹುಡುಗನಿಗೆ ಖಗೋಳದ ಹುಚ್ಚು, 1811ರ ದೊಡ್ಡ ಧೂಮಕೇತುವನ್ನು ರಾತ್ರಿ ರಾತ್ರಿ ಕೂತು ಅಳೆದಿದ್ದ. ಆಮೇಲೆ ಮಂಗನಬಾವು ಬಂದು ಕಣ್ಣು ಮಂಜಾಯಿತು. ಹಾರ್ವರ್ಡ್‌ಗೆ ಹೋಗುವ ಆಸೆ ಅಲ್ಲಿಗೇ ಮುಗಿಯಿತು. ಆದರೂ ಸುಮ್ನೆ ಕೂತಿಲ್ಲ ನೋಡಿ. ಹಡಗಿನವರು ಬಳಸುವ ಒಂದು ಪಂಚಾಂಗ ಇತ್ತು, ಅದರಲ್ಲಿ ತಪ್ಪು ಹುಡುಕಿದವರಿಗೆ 10 ಡಾಲರ್ ಅಂತ ಪ್ರಕಾಶಕ ಜಂಬದಿಂದ ಸಾರಿದ್ದ. ಈ ಹಳ್ಳಿ ಹುಡುಗ 50ಕ್ಕೂ ಜಾಸ್ತಿ ತಪ್ಪು ಪಟ್ಟಿ ಮಾಡಿ ಕಳಿಸಿದ! ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಸಿಕ್ಕಿದರೆ ಬೋರ್ಡಿಗೆ ಕಾಗದ ಬರೆಯುತ್ತಿದ್ದ ಅಪ್ಪನ ನೆನಪಾಗಿ ಒಬ್ಬನೇ ನಕ್ಕೆ.

ಆಮೇಲೆ ನಾಲ್ಕು ವರ್ಷ ಚರ್ಚಿನಲ್ಲಿ ಪಾದ್ರಿ. 1825ರಲ್ಲಿ ಆಮರ್ಸ್ಟ್ ಕಾಲೇಜಿಗೆ ರಸಾಯನಶಾಸ್ತ್ರದ ಮೇಷ್ಟ್ರಾಗಿ ಬಂದರು. ರಸಾಯನಶಾಸ್ತ್ರ ಅಂತ ಹೆಸರಿಗೆ, ಗಿಡ, ಪ್ರಾಣಿ, ಕಲ್ಲು ಎಲ್ಲವನ್ನೂ ಅವರೇ ಹೇಳಿಕೊಡಬೇಕಿತ್ತು. ಜೊತೆಗೆ ಮ್ಯಾಸಚೂಸೆಟ್ಸ್ ರಾಜ್ಯದ ಭೂವಿಜ್ಞಾನ ಸರ್ವೆ ಬೇರೆ.

ಅವರಿಗೆ ಹೆಸರು ತಂದದ್ದು ಹೆಜ್ಜೆ ಗುರುತುಗಳು. 1802ರಲ್ಲಿ ಪಕ್ಕದ ಸೌತ್ ಹ್ಯಾಡ್ಲಿಯಲ್ಲಿ ಪ್ಲೈನಿ ಮೂಡಿ ಅನ್ನೋ ಹುಡುಗ ಹೊಲ ಉಳುವಾಗ ಒಂದು ಚಪ್ಪಡಿ ಸಿಕ್ಕಿತ್ತು, ಮೇಲೆ ಮೂರು ಬೆರಳಿನ ಹೆಜ್ಜೆಗಳು. ಮನೆಯವರು ಅದನ್ನು ಹೊಸಿಲ ಮೆಟ್ಟಿಲಾಗಿ ಹಾಕಿಕೊಂಡರು. ಜನ ಅದನ್ನು ಬೈಬಲ್‌ನ ನೋಹ ಹಾರಿಬಿಟ್ಟ ಕಾಗೆಯ ಹೆಜ್ಜೆ ಅಂದರು. ನಮ್ಮೂರ ಬಂಡೆ ಮೇಲಿನ ಗುಂಡಿಯನ್ನು ಭೀಮನ ಹೆಜ್ಜೆ ಅನ್ನಲ್ವಾ, ಹಾಗೇ. 1835ರಲ್ಲಿ ಗ್ರೀನ್‌ಫೀಲ್ಡ್‌ನಲ್ಲಿ ರಸ್ತೆ ಬದಿಗೆ ಹಾಸಲು ತಂದ ಚಪ್ಪಡಿಗಳಲ್ಲೂ ಅಂಥದೇ ಗುರುತು ಕಂಡವು. ಅಲ್ಲಿನ ಡಾಕ್ಟರ್ ಜೇಮ್ಸ್ ಡೀನ್ ಹಿಚ್‌ಕಾಕ್‌ಗೆ ಕಾಗದ ಬರೆದರು. ಮುಂದಿನ ವರ್ಷವೇ ಹಿಚ್‌ಕಾಕ್ ಲೇಖನ ಪ್ರಕಟಿಸಿದರು: ಇವು ಬಹಳ ಹಿಂದೆ ಬದುಕಿದ್ದ ದೈತ್ಯ ಹಕ್ಕಿಗಳ ಹೆಜ್ಜೆ ಅಂತ. ಗ್ರೀನ್‌ಫೀಲ್ಡ್‌ನಲ್ಲಿ ಮೊದಲು ಕಂಡದ್ದು ಯಾರು ಅಂತ ಆಮೇಲೆ ಇಬ್ಬರಿಗೂ ಜಟಾಪಟಿ ಆಯಿತು. ನನ್ನನ್ನು ಕೇಳಿದರೆ ಇಬ್ಬರೂ ಅಲ್ಲ, ಕಲ್ಲು ಹಾಸುತ್ತಿದ್ದ ಡೆಕ್ಸ್‌ಟರ್ ಮಾರ್ಷ್ ಅನ್ನೋ ಕೂಲಿಯವನು.

ಹಕ್ಕಿ ಅಂದದ್ದು ತಪ್ಪು, ಅವು ಡೈನೋಸಾರ್‌ಗಳು. ಆದರೆ ಆಗ ಡೈನೋಸಾರ್ ಅನ್ನೋ ಪದವೇ ಇರಲಿಲ್ಲ, ಅದು ಹುಟ್ಟಿದ್ದು 1842ರಲ್ಲಿ. ಮೂರು ಬೆರಳು, ಎರಡು ಕಾಲಿನ ನಡಿಗೆ ನೋಡಿ ಬೇರೆ ಏನಂತ ಹೇಳಲು ಸಾಧ್ಯ? ಈಗ ವಿಜ್ಞಾನಿಗಳು ಹಕ್ಕಿಗಳೇ ಡೈನೋಸಾರ್ ವಂಶದವು ಅಂತಾರೆ. ಹಾಗಾಗಿ ಅಪ್ಪ, ನೀವಾಗಿದ್ದರೆ ಈ ಉತ್ತರಕ್ಕೆ ಎಷ್ಟು ಮಾರ್ಕ್ಸ್ ಕೊಡುತ್ತಿದ್ದಿರಿ? ಇನ್ನೊಂದು ತಮಾಷೆ, ಅವರು ಬೇರೆ ಹೆಸರಿಟ್ಟುಕೊಂಡು ಆ ಹಕ್ಕಿಯ ಮೇಲೆ ಪದ್ಯವನ್ನೂ ಬರೆದಿದ್ದರು. ಮಾಟಗಾತಿ ಅದನ್ನು ಎಬ್ಬಿಸುತ್ತಾಳೆ, ಅದು ಎದ್ದು ಈಗಿನ ಲೋಕ ಕೆಟ್ಟುಹೋಗಿದೆ ಅಂತ ಬೈಯುತ್ತದೆ. ಥೇಟ್ ನಮ್ಮ ಅಜ್ಜಿ.

1845ರಲ್ಲಿ ಅವರನ್ನು ಕಾಲೇಜಿನ ಅಧ್ಯಕ್ಷರನ್ನಾಗಿ ಕೂರಿಸಿದರು. ಅಪ್ಪ, ನಿಮ್ಮನ್ನು ಹೆಡ್‌ಮಾಸ್ಟರ್ ಮಾಡಿದಾಗ ಮೂರು ದಿನ ಊಟ ಸರಿಯಾಗಿ ಮಾಡಿರಲಿಲ್ಲ, ನೆನಪಿದೆಯಾ? ಬೀಗದ ಕೈ, ಬಿಸಿಯೂಟದ ಲೆಕ್ಕ, ಸೋರುವ ಹೆಂಚು. ಇವರಿಗೆ ಸಿಕ್ಕಿದ್ದು ಸಾಲದಲ್ಲಿ ಮುಳುಗಿದ ಕಾಲೇಜು, ಕಡಿಮೆಯಾಗುತ್ತಿದ್ದ ಹುಡುಗರು. ಮೇಷ್ಟ್ರುಗಳೆಲ್ಲ ಕೂತು ಒಂದು ಒಪ್ಪಂದಕ್ಕೆ ಬಂದರು. ಬಂದ ಹಣದಲ್ಲಿ ಮೊದಲು ಕಾಲೇಜಿನ ಖರ್ಚು, ಉಳಿದರೆ ನಮ್ಮ ಸಂಬಳ. ಇಂಥ ಸ್ಟಾಫ್ ಮೀಟಿಂಗ್ ನಮ್ಮ ಕಡೆ ನಡೆದದ್ದು ಕೇಳಿದ್ದೀರಾ? ಆಮೇಲೆ ಬಟ್ಟೆ ಹೊದಿಸಿದ ಅಂಗಿ ಗುಂಡಿ ತಯಾರಿಸಿ ಸಾಹುಕಾರರಾಗಿದ್ದ ಸ್ಯಾಮ್ಯುಯೆಲ್ ವಿಲ್ಲಿಸ್ಟನ್ ದೊಡ್ಡ ದಾನ ಕೊಟ್ಟರು, ಕಾಲೇಜು ಉಳಿಯಿತು. ಒಂಬತ್ತು ವರ್ಷ ಆ ಕುರ್ಚಿಯಲ್ಲಿದ್ದು 1854ರಲ್ಲಿ ಬಿಟ್ಟುಕೊಟ್ಟು ಮತ್ತೆ ಕ್ಲಾಸಿಗೆ ಹೋದರು. 1864ರಲ್ಲಿ ಸಾಯುವ ತನಕ ಮೇಷ್ಟ್ರೇ.

ಹೊಟ್ಟೆಯ ವಿಷಯದಲ್ಲಿ ಮಾತ್ರ ಮಹಾ ಪೀಕಲಾಟದ ಮನುಷ್ಯ. ಅಜೀರ್ಣದ ಭಯ, ಇವತ್ತೋ ನಾಳೆಯೋ ಸಾಯುತ್ತೇನೆ ಅಂತ ನಂಬಿಕೊಂಡೇ 70 ವರ್ಷ ಬದುಕಿದರು. ಹುಡುಗರಿಗೂ ಮಿತವಾಗಿ ತಿನ್ನಿ ಅಂತ ಉಪನ್ಯಾಸ ಕೊಡುತ್ತಿದ್ದರು. ಅಮ್ಮ, ನಿನ್ನ ಹೋಳಿಗೆ ಇಂಥವರಿಗೆ ಬಡಿಸಿ ಪ್ರಯೋಜನ ಇಲ್ಲ.

ಈಗ ಅಮ್ಮನಿಗೆ ಹೇಳಬೇಕಾದದ್ದು. ಅವರ ಹೆಂಡತಿ ಓರಾ ವೈಟ್. ಮದುವೆಗೆ ಮುಂಚೆ ತಾನೇ ಟೀಚರ್. ಗಂಡನ ಸರ್ವೆ ವರದಿಗೆ ಚಿತ್ರ ಬರೆದದ್ದು ಆಕೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೂ ಕಾಣಲಿ ಅಂತ ದೊಡ್ಡ ದೊಡ್ಡ ಬಟ್ಟೆಯ ಮೇಲೆ ಭೂಮಿಯ ಪದರ, ಆಕ್ಟೋಪಸ್, ಹಳೆ ಪ್ರಾಣಿಗಳ ಅಸ್ಥಿಪಂಜರ ಎಲ್ಲ ಬಣ್ಣದಲ್ಲಿ ಬರೆದು ಕೊಡುತ್ತಿದ್ದಳು. ಆರು ಮಕ್ಕಳನ್ನು ಬೆಳೆಸಿಕೊಂಡು! ಆ ಚಾರ್ಟುಗಳು ಕಾಲೇಜಿನ ಸಂಗ್ರಹದಲ್ಲಿ ಈಗಲೂ ಭದ್ರವಾಗಿವೆ. ಹೆಜ್ಜೆಯ ಕಲ್ಲುಗಳು ಬೆನೆಸ್ಕಿ ಮ್ಯೂಸಿಯಮ್ಮಿನಲ್ಲಿ ಸಾಲಾಗಿ ನಿಂತಿವೆ, ಆ ಹೊಸಿಲ ಕಲ್ಲೂ ಸೇರಿ. ಟಿಕೆಟ್ ಇಲ್ಲ, ನೀವು ಬಂದಾಗ ಕರೆದುಕೊಂಡು ಹೋಗುತ್ತೇನೆ.

ಓರಾಳ ಚಿತ್ರಗಳನ್ನು ನೋಡುವಾಗ ನನಗೆ ಕಂಡದ್ದು ನಮ್ಮ ಹಜಾರ. ಅಪ್ಪನ ಹಳೆ ಪಂಚೆ ನೆಲಕ್ಕೆ ಹಾಸಿ, ಮಂಡಿಯೂರಿ ಕೂತು ಅಮ್ಮ ದಾಸವಾಳದ ಹೂವಿನ ಭಾಗಗಳನ್ನು ಬರೆಯುತ್ತಿದ್ದದ್ದು. ಹೃದಯದ ಚಾರ್ಟಿಗೆ ನಾನು ನೀಲಿ ಬಣ್ಣ ಚೆಲ್ಲಿ ಏಟು ತಿಂದಿದ್ದೆ. ಅಪ್ಪ ಅದನ್ನು ಸುತ್ತಿ ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗುತ್ತಿದ್ದರು. ರಿಟೈರ್ ಆದ ಮೇಲೆ ಅವು ಅಟ್ಟ ಸೇರಿದವು ಅಂತ ನೆನಪು. ಇಲಿ ತಿನ್ನುವ ಮುಂಚೆ ಒಮ್ಮೆ ಇಳಿಸಿ, ಬಿಸಿಲಿಗೆ ಹರಡಿ, ಒಂದೊಂದರ ಫೋಟೋ ತೆಗೆದು ಕಳಿಸುತ್ತೀರಾ? ನೀಲಿ ಚೆಲ್ಲಿದ್ದೂ ಬೇಕು. ಅಪ್ಪ ಏಣಿ ಹತ್ತುವುದು ಬೇಡ, ಪಕ್ಕದ ಮನೆ ಹುಡುಗನಿಗೆ ಹೇಳಿ.

ನಿಮ್ಮ ಮಗ