0.9 ಎಂದು ಹೆದರಬೇಡ, 4.2 ಎಂದು ನಂಬಬೇಡ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜ್ ನೋಡಿದೆ. ಆರ್ಡರ್‌ಗಳನ್ನು ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಮುಂದಕ್ಕೆ ಕಳಿಸುವ ಕ್ಯೂ ಬೇಕು, ಎರಡು ಟೂಲ್ ನೋಡಿಟ್ಟಿದ್ದೀರಿ, ಒಂದರ ವರ್ಷನ್ ನಂಬರ್ ಇನ್ನೂ 0.9ರಲ್ಲಿದೆ, ಇನ್ನೊಂದು ಆಗಲೇ 4.2 ಆಗಿದೆ ಎಂದು ಬರೆದಿದ್ದೀಯ. ಟೀಮಿನವರೆಲ್ಲ 4.2 ಕಡೆ, ನಿನಗೆ ಮಾತ್ರ 0.9 ಹಿಡಿಸಿದೆ. ಸೇರಿದ ಹೊಸದರಲ್ಲೇ ಎದುರು ಮಾತಾಡುವುದು ಹೇಗೆ ಎಂಬ ಅಳುಕೂ ಇದೆ, ಅಲ್ವಾ? ಮೊದಲು ನಂಬರಿನ ವಿಷಯ ಹೇಳುತ್ತೇನೆ. ಮೀಟಿಂಗ್ ಮಾತು ಆಮೇಲೆ.

ಓಪನ್‌ಎಸ್‌ಎಸ್‌ಎಲ್ ನಿನಗೆ ಗೊತ್ತು. ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ಎನ್‌ಕ್ರಿಪ್ಷನ್ ಕೆಲಸ ಮಾಡುವುದು ಅದೇ. 1998ರಲ್ಲಿ ಶುರುವಾದದ್ದು 1.0.0 ಎನ್ನಿಸಿಕೊಂಡದ್ದು 2010ರಲ್ಲಿ. ಅಷ್ಟು ವರ್ಷ ಜಗತ್ತಿನ ಎಷ್ಟೋ ವ್ಯವಹಾರ 0.9 ಸರಣಿಯ ಮೇಲೇ ನಡೆಯಿತು. ಆಮೇಲೆ 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿತ್ತು. ಕನೆಕ್ಷನ್ ಇನ್ನೂ ಇದೆಯಾ ಎಂದು ಕೇಳುವ ಹಾರ್ಟ್‌ಬೀಟ್ ಎಂಬ ಸಣ್ಣ ಸಂದೇಶದಲ್ಲಿದ್ದ ದೋಷ ಅದು. ಕಳಿಸುವವರು ಒಂದೆರಡು ಅಕ್ಷರ ಕಳಿಸಿ, ಇದರ ಉದ್ದ 64 ಕೆಬಿ ಎಂದುಬಿಟ್ಟರೆ ಸರ್ವರ್ ಅಳೆದು ನೋಡುತ್ತಿರಲಿಲ್ಲ. ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿ ಏನಿತ್ತೋ ಅದನ್ನೂ ಸೇರಿಸಿ ಅಷ್ಟುದ್ದ ವಾಪಸ್ ಕೊಡುತ್ತಿತ್ತು. ಅದರಲ್ಲಿ ಯಾರದೋ ಪಾಸ್‌ವರ್ಡ್ ಇರಬಹುದು, ಸರ್ವರ್ ಗುಟ್ಟಾಗಿಡಬೇಕಾದ ಪ್ರೈವೇಟ್ ಕೀಯೇ ಇರಬಹುದು. ಈ ದೋಷ ಇದ್ದದ್ದು 1.0.1ರಲ್ಲಿ. ಹಳೆಯ 0.9.8 ಇಟ್ಟುಕೊಂಡವರಿಗೆ ಇದು ತಟ್ಟಲೇ ಇಲ್ಲ, ಆ ಹಾರ್ಟ್‌ಬೀಟ್ ಕೋಡೇ ಅದರಲ್ಲಿರಲಿಲ್ಲ.

ಹಾಗಂತ ನಂಬರಿನ ಮುಂದಿರುವ ಸೊನ್ನೆಗೆ ಅರ್ಥವೇ ಇಲ್ಲ ಅಂತಲ್ಲ. ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದ, ವರ್ಷನ್ ನಂಬರ್ ಹೇಗಿಡಬೇಕು ಎಂದು ಹೇಳುವ ಸೆಮ್ಯಾಂಟಿಕ್ ವರ್ಷನಿಂಗ್ ನಿಯಮಗಳನ್ನು ಒಮ್ಮೆ ಪೂರ್ತಿ ಓದು, ಜಾಸ್ತಿ ಹೊತ್ತು ಬೇಡ. ಮೊದಲ ಅಂಕೆ ಸೊನ್ನೆ ಇರುವ ತನಕ ಯಾವಾಗ ಬೇಕಾದರೂ ಏನು ಬೇಕಾದರೂ ಬದಲಾಗಬಹುದು ಎಂದು ಅದರಲ್ಲಿದೆ. ಅಂದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ನಿನ್ನ ಕೋಡ್ ತಿದ್ದಬೇಕಾಗಿ ಬರಬಹುದು, ಅಷ್ಟೇ. ಡೇಟಾ ಕಳೆದುಹೋಗುತ್ತದೆಯೋ ಉಳಿಯುತ್ತದೆಯೋ ಎಂಬುದರ ಬಗ್ಗೆ ಆ ಸೊನ್ನೆ ಏನೂ ಹೇಳುವುದಿಲ್ಲ. ದೊಡ್ಡ ನಂಬರೂ ಹೇಳುವುದಿಲ್ಲ. ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್ 2016ರಲ್ಲಿ 0.14ರಿಂದ ನೇರ 15ಕ್ಕೆ ಹಾರಿತು. ಲಿನಕ್ಸ್ ಕರ್ನಲ್ 2011ರಲ್ಲಿ 2.6.39ರಿಂದ 3.0 ಆದಾಗ ಅದನ್ನು ಶುರುಮಾಡಿದ ಲೈನಸ್ ಟೊರ್ವಾಲ್ಡ್ಸ್ ಇದರಲ್ಲಿ ದೊಡ್ಡ ಬದಲಾವಣೆ ಏನೂ ಇಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ನಂಬರ್ ಇಡುವುದು ಮಾಡಿದವರ ಇಷ್ಟ, ಪುಟ್ಟಿ. ಪ್ರೊಡಕ್ಷನ್‌ಗೆ, ಅಂದರೆ ನಿಜವಾದ ಗ್ರಾಹಕರ ಕೆಲಸಕ್ಕೆ, ಆಗುತ್ತಾ ಎಂಬುದನ್ನು ನೀನೇ ನೋಡಿ ತಿಳಿಯಬೇಕು.

ನಿನ್ನದು ಆರ್ಡರ್ ಹಿಡಿದಿಡುವ ಕ್ಯೂ. ಹಾಗಾಗಿ ನೋಡಬೇಕಾದ್ದು ಮುಖ್ಯವಾಗಿ ಒಂದೇ: ಸಿಕ್ಕಿತು ಎಂದು ಟೂಲ್ ಹೇಳಿದ ಮೇಲೆ ಆ ಆರ್ಡರ್ ಯಾವ ಕಾರಣಕ್ಕೂ ಕಳೆಯಬಾರದು. ಒಂದು ಸಣ್ಣ ಪ್ರೋಗ್ರಾಮ್ ಬರೆ. ಒಂದರಿಂದ ನಂಬರ್ ಹಾಕಿ ಸಂದೇಶ ಕಳಿಸುತ್ತಾ ಹೋಗಲಿ, ಸಿಕ್ಕಿತು ಎಂಬ ಉತ್ತರ ಬಂದ ನಂಬರನ್ನೆಲ್ಲ ಬೇರೆ ಯಂತ್ರದಲ್ಲಿ ಬರೆದಿಡಲಿ. ಅದು ಓಡುತ್ತಿರುವಾಗಲೇ ಕ್ಯೂ ಪ್ರೋಗ್ರಾಮನ್ನು ಕಿಲ್ ಮಾಡು. ಮತ್ತೆ ಎಬ್ಬಿಸಿ, ಬರೆದಿಟ್ಟ ನಂಬರುಗಳೆಲ್ಲ ಕ್ಯೂನಿಂದ ಹೊರಬಂದವಾ ಎಂದು ಹೊಂದಿಸಿ ನೋಡು. ಎರಡು ಸಲ ಬಂದ ಸಂದೇಶವನ್ನು ನಿನ್ನ ಕೋಡಿನಲ್ಲೇ ಸರಿ ಮಾಡಿಕೊಳ್ಳಬಹುದು, ಬರದೇ ಹೋದದ್ದನ್ನು ಎಲ್ಲಿಂದ ತರುತ್ತೀಯ?

ಇಲ್ಲಿಗೇ ನಿಲ್ಲಿಸಬೇಡ. ಕಿಲ್ ಮಾಡಿದರೆ ಸಾಯುವುದು ಪ್ರೋಗ್ರಾಮ್ ಮಾತ್ರ. ಆಪರೇಟಿಂಗ್ ಸಿಸ್ಟಮ್ ಕೈಗೆ ಆಗಲೇ ಕೊಟ್ಟದ್ದನ್ನು ಅದು ಆಮೇಲೆ ಡಿಸ್ಕಿಗೆ ಬರೆಯುತ್ತದೆ. ಹಾಗಾಗಿ ಕೆಟ್ಟ ಟೂಲ್ ಕೂಡ ಈ ಪರೀಕ್ಷೆ ಪಾಸಾಗಬಹುದು. ಇಡೀ ಯಂತ್ರದ ಕರೆಂಟನ್ನೇ ಕಿತ್ತು ನೋಡು. ಡಿಸ್ಕಿಗೆ ಬರೆಸದೆಯೇ ಸಿಕ್ಕಿತು ಎಂದು ಹೇಳುವ ಟೂಲ್ ಬಯಲಾಗುವುದು ಆಗ. ಡಿಸ್ಕ್ ಪೂರ್ತಿ ತುಂಬಿಸಿಯೂ ನೋಡು. ಆಗ ಜಾಗವಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೋ, ಸುಮ್ನೆ ನಿಂತುಬಿಡುತ್ತದೋ? ಬ್ಯಾಕಪ್ ತೆಗೆದು ಹೊಸ ಯಂತ್ರದಲ್ಲಿ ರಿಸ್ಟೋರ್ ಮಾಡು. ಎರಡೂ ಟೂಲ್‌ಗೆ ಇದೇ ಪರೀಕ್ಷೆ, 4.2ಕ್ಕೆ ರಿಯಾಯಿತಿ ಬೇಡ.

ನಂತರ ಎರಡರ ರಿಲೀಸ್ ನೋಟ್ಸ್, ಅಂದರೆ ಪ್ರತಿ ವರ್ಷನ್‌ನಲ್ಲಿ ಏನು ಬದಲಾಯಿತು ಎಂಬ ಟಿಪ್ಪಣಿ, ಓದು. ಹೊಸ ಸೌಲಭ್ಯಗಳ ಪಟ್ಟಿ ಬಿಡು, ಬಗ್ ಸರಿಪಡಿಸಿದ ಸಾಲುಗಳನ್ನು ಓದು. ಯಾವಾಗ ಏನು ತಪ್ಪಾಗುತ್ತಿತ್ತು, ಯಾರು ಅಪ್‌ಗ್ರೇಡ್ ಮಾಡಲೇಬೇಕು ಎಂದು ಬಿಡಿಸಿ ಬರೆಯುವವರನ್ನು ನಂಬಬಹುದು. ಹಲವು ತೊಂದರೆ ಸರಿಪಡಿಸಲಾಗಿದೆ ಎಂದು ಒಂದೇ ಸಾಲಿನಲ್ಲಿ ಮುಗಿಸುವವರ ಬಗ್ಗೆ ನನಗೆ ಅನುಮಾನ. ಟೂಲ್ ನೋಡಿಕೊಳ್ಳುವವರು ಎಷ್ಟು ಜನ ಎಂಬುದನ್ನೂ ನೋಡು. 2024ರಲ್ಲಿ ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಟೂಲ್‌ನ 5.6.0 ಮತ್ತು 5.6.1ರಲ್ಲಿ ಬ್ಯಾಕ್‌ಡೋರ್, ಅಂದರೆ ಕದ್ದು ಒಳನುಗ್ಗಲು ಬಚ್ಚಿಟ್ಟ ದಾರಿ, ಸಿಕ್ಕಿತು. ಬಹುಮಟ್ಟಿಗೆ ಒಬ್ಬರೇ ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದ ಕೆಲಸ ಅದು. ನೆರವಾಗಲು ಬಂದು ವಿಶ್ವಾಸ ಗಳಿಸಿದವರೇ ಅದನ್ನು ಸೇರಿಸಿದ್ದರು. ನಂಬರ್ ನೋಡಿದರೆ ಎಷ್ಟು ಪಳಗಿದ ಟೂಲ್!

ಯಾವುದನ್ನು ಆರಿಸಿದರೂ ಅದರ ವರ್ಷನ್ ನಂಬರನ್ನು ನಿಮ್ಮ ಕೋಡಿನಲ್ಲಿ ಪೂರ್ತಿಯಾಗಿ ಬರೆದು ಕಟ್ಟಿಹಾಕು, ತನ್ನಷ್ಟಕ್ಕೆ ಅಪ್‌ಗ್ರೇಡ್ ಆಗಲು ಬಿಡಬೇಡ. 0.9 ಆದರೆ ಇದು ಇನ್ನೂ ಮುಖ್ಯ, ಅದರ ಮುಂದಿನ ವರ್ಷನ್ 0.10 ಬಂದಾಗ ನಿಮ್ಮ ಕೋಡ್ ತಿದ್ದಲು ಸಮಯ ಎತ್ತಿಡಬೇಕು. ಆ ಖರ್ಚನ್ನು ಟೀಮಿಗೆ ಮುಚ್ಚಿಡಬೇಡ.

ಇನ್ನು ಮೀಟಿಂಗ್. ನಂಬರ್ ಬಗ್ಗೆ ವಾದಕ್ಕೆ ಇಳಿಯಬೇಡ, ನಾನು ಹೇಳಿದ ಕಥೆಗಳನ್ನೂ ಹೇಳಬೇಡ. ಕರೆಂಟ್ ಕಿತ್ತಾಗ ಯಾವುದರಲ್ಲಿ ಎಷ್ಟು ಆರ್ಡರ್ ಹೋಯಿತು ಎಂಬ ಲೆಕ್ಕ ಮುಂದಿಡು. ಹಿರಿಯರು ಯಾರಾದರೂ 4.2ನ್ನು ಬೇರೆ ಕಡೆ ವರ್ಷಗಟ್ಟಲೆ ನಡೆಸಿದ್ದರೆ ಎಲ್ಲಿ ಕೈಕೊಟ್ಟಿತು ಎಂದು ಕೇಳಿ ಬರೆದುಕೋ. ಅವರ ಅನುಭವವೂ ಸಾಕ್ಷಿಯೇ. ನಿನ್ನ ಪರೀಕ್ಷೆಯಲ್ಲಿ 0.9 ಸೋತರೆ ನೀನೇ ಮೊದಲು ಹೇಳು.

ಪರೀಕ್ಷೆಯ ಪ್ರೋಗ್ರಾಮ್ ಬರೆದ ಮೇಲೆ ನನಗೂ ಕಳಿಸು, ಓದಿ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ