ಅಜ್ಜಿಯ ಫೋನ್ ಪುಸ್ತಕದಲ್ಲಿರುವ ಎಲ್ಲರಿಗೂ

ಅಜ್ಜಿ ಹೋಗಿ ಇವತ್ತಿಗೆ ಒಂದು ತಿಂಗಳಾಯಿತು. 97 ವರ್ಷ ಆಗಿತ್ತು. ಈ ಒಂದು ತಿಂಗಳಲ್ಲಿ ಫೋನ್ ಮಾಡಿದವರು, ಮೆಸೇಜ್ ಕಳಿಸಿದವರು, ಮನೆಗೇ ಬಂದು ಏನೂ ಮಾತಾಡದೆ ಅಮ್ಮನ ಪಕ್ಕ ಸುಮ್ನೆ ಕೂತು ಹೋದವರು, ಎಲ್ಲರಿಗೂ ಬೇರೆ ಬೇರೆಯಾಗಿ ಬರೆಯಬೇಕು ಅಂತ ಎಷ್ಟೋ ಸಲ ಕೂತೆ. ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ.

ಅವತ್ತು ಬೆಳಗ್ಗೆ ಯಾರ್ಯಾರಿಗೆ ತಿಳಿಸಬೇಕು ಅಂತಲೇ ನಮಗೆ ಗೊತ್ತಾಗಲಿಲ್ಲ. ಆಗ ಮಾಮ ಅಜ್ಜಿಯ ದಿಂಬಿನ ಕೆಳಗಿಂದ ಅವರ ಫೋನ್ ಪುಸ್ತಕ ತೆಗೆದು ನನ್ನ ಕೈಗಿಟ್ಟರು. ನೀಲಿ ರಟ್ಟು, ಬೆನ್ನು ಕಿತ್ತುಹೋಗಿ ಟೇಪ್ ಸುತ್ತಿದ್ದು. ಚಿಕ್ಕಂದಿನಿಂದ ನೋಡಿದ್ದೇವೆ, ಆದರೆ ನಮ್ಮಲ್ಲಿ ಯಾರೂ ಅದನ್ನು ಬಿಡಿಸಿ ಓದಿರಲಿಲ್ಲ. ಪ್ರತಿ ಹೆಸರಿನ ಮುಂದೆ ಪೆನ್ನಿನಲ್ಲಿ ನಂಬರ್. ಅದರ ಕೆಳಗೆ ಪೆನ್ಸಿಲ್‌ನಲ್ಲಿ ಸಣ್ಣ ಸಣ್ಣ ಅಕ್ಷರ. ‘ಮೊಣಕಾಲು ನೋವು, ಹೇಗಿದೆ ಕೇಳಬೇಕು.’ ‘ಮಗಳ ಪರೀಕ್ಷೆ ಏನಾಯ್ತು.’ ‘ಮನೆ ಮಾರಿದ್ದಾರೆ, ಆ ಮಾತು ಎತ್ತಬಾರದು.’ ಕೇಳಿ ಆದ ಮೇಲೆ ರಬ್ಬರಿನಿಂದ ಅಳಿಸಿ, ಅದೇ ಜಾಗದಲ್ಲಿ ಮುಂದಿನ ಸಲ ಕೇಳಬೇಕಾದ್ದು ಬರೆಯುತ್ತಿದ್ದರು. ಕೆಲವು ಕಡೆ ಅಳಿಸಿ ಅಳಿಸಿ ಹಾಳೆ ಎಷ್ಟು ತೆಳ್ಳಗಾಗಿದೆ ಅಂದರೆ ಹಿಂದಿನ ಪುಟದ ಅಕ್ಷರ ಕಾಣುತ್ತದೆ.

‘ನಿಮ್ಮಜ್ಜಿಗೆ ಎಂಥಾ ನೆನಪಿನ ಶಕ್ತಿ, ಎಲ್ಲರನ್ನೂ ವಿಚಾರಿಸುತ್ತಾರೆ’ ಅಂತ ನೀವೆಲ್ಲ ಹೇಳುತ್ತಿದ್ದಿರಿ ಅಲ್ವಾ? ನಾವೂ ಹಾಗೇ ಅಂದುಕೊಂಡಿದ್ದೆವು. ಅದು ಬರೀ ನೆನಪಿನ ಶಕ್ತಿ ಅಲ್ಲ. ಫೋನ್ ಇಟ್ಟ ಮೇಲೆ ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹುಡುಕಿ, ನಿಮ್ಮ ಬಗ್ಗೆ ಒಂದು ಸಾಲು ಬರೆದಿಟ್ಟುಕೊಳ್ಳುತ್ತಿದ್ದರು. ಎಷ್ಟೋ ವರ್ಷ, ದಿನಾ ಮಾಡಿದ ಕೆಲಸ ಅದು.

ಆ ಪುಸ್ತಕ ಹಿಡಿದುಕೊಂಡೇ ನಾವು ನಿಮಗೆಲ್ಲ ಫೋನ್ ಮಾಡಿದ್ದು. ತೀರಿಹೋದವರ ಹೆಸರನ್ನೂ ಅಜ್ಜಿ ಹೊಡೆದುಹಾಕಿರಲಿಲ್ಲ. ಹಾಗಾಗಿ ಕೆಲವರ ಮನೆಗೆ ಫೋನ್ ಮಾಡಿ ‘ಅವರಿದ್ದಾರಾ’ ಅಂತ ಕೇಳಿಬಿಟ್ಟೆವು. ಕ್ಷಮಿಸಿ. ಬೇಸರ ಮಾಡಿಕೊಳ್ಳದೆ, ನಿಮ್ಮ ಮನೆಯ ಹಿರಿಯರಿಗೂ ನಮ್ಮಜ್ಜಿಗೂ ಹೇಗೆ ಪರಿಚಯ ಅಂತ ಕೂತು ಹೇಳಿದಿರಿ. ನಮಗೆ ಗೊತ್ತೇ ಇಲ್ಲದ ಅಜ್ಜಿ ನಿಮ್ಮಿಂದ ಸಿಕ್ಕಿದರು.

ಅಜ್ಜಿಗೆ ಏಳು ವರ್ಷ ಇದ್ದಾಗ ಸಿಡುಬು ಬಂದಿತ್ತು. ಎಡಗೆನ್ನೆ ತುಂಬ ಸಣ್ಣ ಗುಳಿಗಳು. ಚಿಕ್ಕವರಿದ್ದಾಗ ನಾವು ಅವರ ತೊಡೆ ಮೇಲೆ ಕೂತು ಅದನ್ನು ಬೆರಳಿಂದ ಎಣಿಸುತ್ತಿದ್ದೆವು, ಬೈಯುತ್ತಿರಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿ ಮೇಲೆ ಎಲ್ಲೂ ಉಳಿದಿಲ್ಲ ಅಂತ ಘೋಷಿಸಿದಾಗ, ಅಜ್ಜಿ ಪೇಪರ್ ಓದಿ ಮಡಚಿಟ್ಟು ಕನ್ನಡಿ ಮುಂದೆ ಹೋಗಿ ತುಂಬ ಹೊತ್ತು ನಿಂತಿದ್ದರು ಅಂತ ಅಮ್ಮ ಹೇಳುತ್ತಾರೆ. ಅವರ ಜೊತೆ ಸಿಡುಬು ಬಂದಿದ್ದ ತಮ್ಮ ಉಳಿಯಲಿಲ್ಲ. ಇದು ನನಗೆ ಗೊತ್ತಾಗಿದ್ದು ಚಿಕ್ಕಪ್ಪನ ಮಗಳಿಂದ. ಅವಳು ಎರಡು ವರ್ಷ ಪ್ರತಿ ಭಾನುವಾರ ಅಜ್ಜಿ ಪಕ್ಕ ಮೊಬೈಲ್ ಇಟ್ಟು ಮಾತು ರೆಕಾರ್ಡ್ ಮಾಡಿದ್ದಾಳೆ. ಕೊನೆಕೊನೆಗೆ ಅಜ್ಜಿಗೆ ನಿನ್ನೆಯದು ನೆನಪಿರುತ್ತಿರಲಿಲ್ಲ, ಹುಡುಗಿಯಾಗಿದ್ದಾಗಿನದು ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಿದ್ದರು. ವಯಸ್ಸಾದವರಿಗೆ 10ರಿಂದ 30ರ ನಡುವಿನ ನೆನಪುಗಳೇ ಜಾಸ್ತಿ ಬರುತ್ತವೆ ಅಂತ ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ. ಅದನ್ನು ತಿಳಿದುಕೊಂಡೇ ಅವಳು ಆ ವಯಸ್ಸಿನ ಬಗ್ಗೆ ಕೇಳಿದ್ದು. ಪುಟ್ಟೀ, ನೀನು ಉಳಿಸಿಕೊಟ್ಟ ಆ ದನಿಗೆ ನಾನು ಹೇಗೆ ಥ್ಯಾಂಕ್ಸ್ ಹೇಳಲಿ?

95ನೇ ವಯಸ್ಸಿಗೆ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ಆಮೇಲೆ ಅಜ್ಜಿ ನಡೆಯಲಿಲ್ಲ. ಹಾಸಿಗೆ ಹಿಡಿದು ಹತ್ತೇ ದಿನಕ್ಕೆ ಬೆನ್ನಿನ ಬುಡದಲ್ಲಿ ಬೆಡ್‌ಸೋರ್ ಶುರುವಾಯಿತು. ನಾವು ಅದನ್ನು ಸುಮ್ನೆ ಕೆಂಪಗಾಗಿದೆ ಅಂದುಕೊಂಡಿದ್ದೆವು. ಅದು ಏನು ಅಂತ ಹೇಳಿದ್ದು ರಾತ್ರಿ ಪಾಳಿಗೆ ಬರುತ್ತಿದ್ದ ಹೋಮ್ ನರ್ಸ್. ಬೆರಳಿಂದ ಒತ್ತಿ ಬಿಟ್ಟು ತೋರಿಸಿದಳು. ಒತ್ತಿದಾಗ ಆ ಜಾಗ ಬಿಳಿಯಾಗಬೇಕು. ಬಿಳಿಯಾಗದೆ ಕೆಂಪಗೇ ಉಳಿದರೆ ಚರ್ಮ ಒಳಗೆ ಕೆಡುತ್ತಿದೆ ಅಂತ ಅರ್ಥ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಕಡೆ ರಕ್ತ ಓಡಾಡುವುದಿಲ್ಲ, ಅದಕ್ಕೇ ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡಬೇಕು. ಗೋಡೆಗೆ ಒಂದು ಹಾಳೆ ಅಂಟಿಸಿದಳು. 10 ಎಡ, 12 ಬೆನ್ನು, 2 ಬಲ, 4 ಎಡ. ಪಕ್ಕದಲ್ಲಿ ಟಿಕ್ ಮಾರ್ಕ್. ಎರಡು ವರ್ಷ, ರಾತ್ರಿ ಎರಡು ಗಂಟೆಯ ಟಿಕ್ ಒಂದು ದಿನವೂ ತಪ್ಪಲಿಲ್ಲ. ಗಾಯ ಎರಡು ತಿಂಗಳಲ್ಲಿ ಮಾಯಿತು, ಮತ್ತೆ ಬರಲಿಲ್ಲ. ತಂಗೀ, ನಿನಗೆ ಸಂಬಳ ಕೊಟ್ಟಿದ್ದೇವೆ, ಸಾಲ ತೀರಿಲ್ಲ.

ಮನೆಗೇ ಬಂದು ನೋಡುತ್ತಿದ್ದ ಡಾಕ್ಟರಿಗೆ, ಇನ್ನು ಆಸ್ಪತ್ರೆಗೆ ಓಡಾಡಿಸುವುದು ಬೇಡ ಅಂತ ನಮಗೆ ಬಿಡಿಸಿ ಹೇಳುವ ಧೈರ್ಯ ಮಾಡಿದ್ದಕ್ಕೆ, ಕೈ ಮುಗಿಯುತ್ತೇನೆ. ಕೊನೆಯ ವಾರ ಬಂದ, ನೋವು ಸಂಕಟ ಕಡಿಮೆ ಮಾಡುವ ಉಪಶಾಮಕ ಆರೈಕೆಯ ನರ್ಸ್ ಏನೇನು ಆಗಬಹುದು ಅಂತ ಮೊದಲೇ ಹೇಳಿದ್ದರು. ಉಸಿರು ಜೋರಾಗುತ್ತೆ, ನಿಧಾನವಾಗುತ್ತೆ, ನಿಂತೇ ಹೋಯಿತು ಅನ್ನಿಸುತ್ತೆ, ಮತ್ತೆ ಶುರುವಾಗುತ್ತೆ, ಗಾಬರಿಯಾಗಬೇಡಿ ಅಂತ. ಹಾಗೇ ಆಯಿತು. ಹೇಳಿರದಿದ್ದರೆ ನಾವು ಹೆದರಿ ಆಂಬುಲೆನ್ಸ್ ಕರೆಸುತ್ತಿದ್ದೆವು, ಅಜ್ಜಿ ದಾರಿಯಲ್ಲಿ ಹೋಗುತ್ತಿದ್ದರು.

ಆ ನರ್ಸ್ ಇನ್ನೊಂದು ಮಾತು ಹೇಳಿದ್ದರು. ಕಣ್ಣು ಬಿಡದಿದ್ದರೂ ಮಾತಾಡಿಸುತ್ತಿರಿ, ಕಿವಿಗೆ ಬೀಳಬಹುದು. 2020ರಲ್ಲಿ ಕೆನಡಾದ ಸಂಶೋಧಕರು ಸಾವಿಗೆ ಹತ್ತಿರವಾಗಿ ಪ್ರತಿಕ್ರಿಯೆಯೇ ಇಲ್ಲದ ಕೆಲವರ ಮೆದುಳು ಆಗಲೂ ಶಬ್ದ ಗುರುತಿಸುವುದನ್ನು ಕಂಡುಕೊಂಡಿದ್ದಾರೆ. ದೂರದಲ್ಲಿದ್ದವರೆಲ್ಲ ಆ ರಾತ್ರಿ ಒಬ್ಬರಾದ ಮೇಲೆ ಒಬ್ಬರು ಫೋನ್‌ನಲ್ಲಿ ಅಜ್ಜಿ ಕಿವಿಗೆ ಮಾತಾಡಿದಿರಿ. ಏನು ಹೇಳಿದಿರೋ ನಾನು ಕೇಳಿಸಿಕೊಳ್ಳಲಿಲ್ಲ, ಅದು ನಿಮ್ಮಿಬ್ಬರ ಮಾತು. ಫೋನ್ ಹಿಡಿದಿದ್ದ ನನ್ನ ಕೈ ಅವರ ಕೆನ್ನೆಗೆ ತಾಗುತ್ತಿತ್ತು, ಅದೇ ಎಡಗೆನ್ನೆ. ಬೆಳಗಿನ ಜಾವ ಹೊರಟರು, ಅಮ್ಮನ ಕೈ ಹಿಡಿದುಕೊಂಡೇ.

ಊರುಗಳನ್ನು ದಾಟಿ ಬಂದವರಿಗೆ, ಬರಲಾಗದೆ ಅತ್ತವರಿಗೆ, ಅಮ್ಮ ಎರಡು ದಿನ ನಿದ್ದೆ ಮಾಡಲಿ ಅಂತ ಮನೆ ಜವಾಬ್ದಾರಿ ಹೊತ್ತ ಅತ್ತೆಯಂದಿರಿಗೆ, ನಿಮಗೆಲ್ಲ ತುಂಬಾ ತುಂಬಾ ಥ್ಯಾಂಕ್ಸ್.

ನಿನ್ನೆ ರಾತ್ರಿ ಪುಸ್ತಕವನ್ನು ಕೊನೆ ಪುಟದವರೆಗೂ ಓದಿದೆ. ಕೊನೆಯ ಹೆಸರಿನ ಕೈಬರಹ ನಡುಗಿದೆ, ಸಾಲು ಮೇಲಕ್ಕೆ ಏರಿಹೋಗಿದೆ. ‘ರಾತ್ರಿ ಹುಡುಗಿ’ ಅಂತ ಬರೆದು ನಂಬರ್. ಕೆಳಗೆ ಪೆನ್ಸಿಲ್‌ನಲ್ಲಿ, ‘ತಮ್ಮನಿಗೆ ಕೆಲಸ ಸಿಕ್ತಾ, ಕೇಳಬೇಕು.’

ಇವತ್ತು ಬೆಳಗ್ಗೆ ಫೋನ್ ಮಾಡಿ ಕೇಳಿದೆ. ಸಿಕ್ಕಿದೆಯಂತೆ.