ಬೈರಿಗೆಯ ಪ್ರತಿರೋಧವೇ ಮರದ ಸಾಂದ್ರತೆಯಲ್ಲ

ಮಾನ್ಯ ಸಂಪಾದಕರೇ,

ಉಷ್ಣವಲಯದ ಗಟ್ಟಿಮರಗಳ ಸಾಂದ್ರತೆಯನ್ನು ಮರ ಕಡಿಯದೆಯೇ ಸೂಜಿ ಬೈರಿಗೆಯಿಂದ ಅಳೆಯಬಹುದೆಂದು ತಿಳಿಸುವ ಲೇಖನವನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ವಿಧಾನದ ಉಪಯುಕ್ತತೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯಂತ್ರ ಬರೆಯುವ ಗೆರೆಯನ್ನೇ ಸಾಂದ್ರತೆಯೆಂದು ಓದಿಕೊಳ್ಳಬಹುದೆಂಬ ಅದರ ಧೋರಣೆ ಒಪ್ಪತಕ್ಕದ್ದಲ್ಲ.

ಈ ಸೂಜಿಯ ಕಡ್ಡಿ ಸಾಮಾನ್ಯವಾಗಿ 1.5 ಮಿ.ಮೀ. ದಪ್ಪವಿದ್ದು, ತುದಿ 3 ಮಿ.ಮೀ. ಅಗಲವಿರುತ್ತದೆ, ಅದು ತಿರುಗುತ್ತ ಒಳಹೋಗುವಾಗ ಮೋಟಾರಿಗೆ ಬೇಕಾಗುವ ಶಕ್ತಿ, ಅಂದರೆ ಮರ ಒಡ್ಡುವ ಪ್ರತಿರೋಧ, ಗೆರೆಯಾಗಿ ದಾಖಲಾಗುತ್ತದೆ. ತುದಿ ಅಗಲವಾಗಿರುವುದರಿಂದ ಕಡ್ಡಿಗೆ ಮರ ತಾಗದು ಎಂಬುದು ವಿನ್ಯಾಸದ ಲೆಕ್ಕಾಚಾರ. ಮೆದುಮರಗಳಲ್ಲಿ ಇದು ಬಹುಮಟ್ಟಿಗೆ ನಿಜ. ಗಟ್ಟಿಮರದಲ್ಲಾದರೋ ಕೊರೆದ ಹುಡಿ ಹೊರಬರಲಾಗದೆ ರಂಧ್ರದಲ್ಲಿ ಒತ್ತಿಕೊಂಡು ಕಡ್ಡಿಯನ್ನು ಹಿಡಿಯುತ್ತದೆ, ಆಳ ಹೆಚ್ಚಿದಂತೆಲ್ಲ ಘರ್ಷಣೆಯೂ ಹೆಚ್ಚುತ್ತದೆ, ಸಾಂದ್ರತೆ ಎಲ್ಲೆಡೆ ಒಂದೇ ಆಗಿದ್ದರೂ ಗೆರೆ ಮೇಲೇರುತ್ತಲೇ ಹೋಗುತ್ತದೆ. ಬಿಸಿಲಿನಲ್ಲಿ ಬೇಗ ಬೆಳೆಯುವ ಅನೇಕ ಜಾತಿಗಳಲ್ಲಿ ಮರದ ನಡುವಿಗಿಂತ ತೊಗಟೆಯ ಕಡೆಗೇ ಸಾಂದ್ರತೆ ಹೆಚ್ಚಿರುವುದರಿಂದ, ಅಂಥ ಮರದಲ್ಲಿ ಘರ್ಷಣೆಯ ಪಾಲನ್ನು ಕಳೆದು ತಿದ್ದದ ಗೆರೆ ವಾಸ್ತವಕ್ಕೆ ತೀರ ವಿರುದ್ಧವಾದ ಚಿತ್ರವನ್ನೂ ಕೊಡಬಲ್ಲದು. ಸೂಜಿ ಆಚೆ ಬದಿಯಿಂದ ಹೊರಬಂದ ಮೇಲೂ ಉಳಿಯುವ ಪ್ರತಿರೋಧ ಕಡ್ಡಿಯದೇ ಆದ್ದರಿಂದ, ಸಾಧ್ಯವಿದ್ದಲ್ಲಿ ಪೂರ್ತಿ ಕೊರೆದು, ಆ ಪ್ರಮಾಣವನ್ನು ಆಳಕ್ಕೆ ತಕ್ಕಂತೆ ಕಳೆಯುವುದು ಒಳ್ಳೆಯ ಪರಿಹಾರ. ದೊಡ್ಡ ಮರಗಳಲ್ಲಿ ಸೂಜಿಯ ಉದ್ದ ಸಾಲುವುದಿಲ್ಲ ಎಂಬುದು ಬೇರೆ ಮಾತು.

ತಿದ್ದಿದ ಗೆರೆಯೂ ಬರೀ ಪ್ರತಿರೋಧವೇ. ಅದನ್ನು ಸಾಂದ್ರತೆಯಾಗಿಸಲು ಅದೇ ಜಾತಿಯ ಮರಗಳಿಂದ ತುಂಡುಗಳನ್ನು ತೆಗೆದು, ಹಸಿಯಾಗಿದ್ದಾಗಿನ ಗಾತ್ರವನ್ನೂ ಒಲೆಯಲ್ಲಿ ಪೂರ್ತಿ ಒಣಗಿಸಿದ ಮೇಲಿನ ತೂಕವನ್ನೂ ಅಳೆದು, ಹಾಗೆ ಸಿಕ್ಕ ಸಾಂದ್ರತೆಗೂ ಪ್ರತಿರೋಧಕ್ಕೂ ಇರುವ ಸಂಬಂಧವನ್ನು ಮೊದಲು ಕಂಡುಕೊಳ್ಳಬೇಕು. ಘನ ಮೀಟರಿಗೆ 150 ಕೆ.ಜಿ. ಆಸುಪಾಸಿನ ಬಾಲ್ಸಾದಿಂದ 1,200 ಕೆ.ಜಿ. ಮೀರುವ ಲಿಗ್ನಮ್ ವೀಟೆಯವರೆಗೆ ಉಷ್ಣವಲಯದ ಮರಗಳ ಹರವು ಇರುವಾಗ ಎಲ್ಲಕ್ಕೂ ಒಂದೇ ಸೂತ್ರ ಹೊಂದೀತೆಂದು ನಂಬುವುದು ಕಷ್ಟ. ಮರದ ತೇವಾಂಶ, ಸೂಜಿ ತಿರುಗುವ ಮತ್ತು ಮುನ್ನುಗ್ಗುವ ವೇಗ, ತುದಿಯ ಮೊನಚು ಇವೆಲ್ಲ ಗೆರೆಯನ್ನು ಬದಲಿಸುತ್ತವೆ. ಸಿಲಿಕಾ ಹೆಚ್ಚಿರುವ ಮರಗಳಂತೂ ತುದಿಯನ್ನು ಬೇಗ ಮೊಂಡಾಗಿಸುತ್ತವೆ.

ಒಂದೇ ಜಾತಿಯ ಮರಗಳಲ್ಲಿ ಯಾವುದು ಹೆಚ್ಚು ಗಟ್ಟಿಯೆಂದು ಹೋಲಿಸಲು, ಒಳಗಿನ ಟೊಳ್ಳು ಪತ್ತೆಹಚ್ಚಲು ಈ ಯಂತ್ರ ನಿಜಕ್ಕೂ ಸಮರ್ಥವಾಗಿದೆ. ಕಾಡಿನ ಇಂಗಾಲದ ಲೆಕ್ಕ ಬೇರೆ ಸಂಗತಿ. ಅಲ್ಲಿನ ಸಮೀಕರಣಗಳಲ್ಲಿ ಮರದ ಜೀವರಾಶಿ (ಅದರ ಒಣ ತೂಕ) ಸಾಂದ್ರತೆಗೆ ಬಹುತೇಕ ಅನುಪಾತದಲ್ಲಿರುವುದರಿಂದ, ಸಾಂದ್ರತೆಯಲ್ಲಿ ಶೇ 10ರಷ್ಟು ತಪ್ಪಿದರೆ ಉತ್ತರವೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ಆದ್ದರಿಂದ ಇಂಥ ಅಂದಾಜುಗಳನ್ನು ಪ್ರಕಟಿಸುವಾಗ ಘರ್ಷಣೆಯನ್ನು ಹೇಗೆ ಕಳೆಯಲಾಯಿತು, ಯಾವ ಜಾತಿಯ ತುಂಡುಗಳೊಡನೆ ತಾಳೆ ನೋಡಲಾಯಿತು ಎಂಬ ವಿವರಗಳನ್ನೂ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ